ಅತಿವ್ಯಾಪಿ ಮೆಮೊರಿಯ ಸುರಕ್ಷಿತ ನಕಲು: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಹಸ್ತಪ್ರತಿಶಾಸ್ತ್ರದಲ್ಲಿ ಮೂಲಪ್ರತಿ ಮತ್ತು ನಕಲು ಎಂಬವು ಸಾಮಾನ್ಯವಾಗಿ ಎರಡು ಬೇರೆ ಬೇರೆ ವಸ್ತುಗಳು. ಲಿಪಿಕಾರನು ಒಂದು ಓಲೆಕಟ್ಟನ್ನು ಎದುರಿಗಿಟ್ಟುಕೊಂಡು ಮತ್ತೊಂದು ಗರಿಯ ಮೇಲೆ ಬರೆಯುವಾಗ ಅಕ್ಷರಸ್ಖಾಲಿತ್ಯಗಳು ಸಂಭವಿಸಬಹುದು, ಸಾಲುಗಳು ಬಿಟ್ಟುಹೋಗಬಹುದು. ಆದರೆ ನಕಲು ಮಾಡುವ ಕ್ರಿಯೆಯಿಂದಲೇ ಮೂಲವು ಅಳಿದುಹೋಗುವುದಿಲ್ಲ. ಸಂದೇಹ ಬಂದಾಗ ಮತ್ತೆ ಮೂಲಕ್ಕೆ ಹೋಗಿ ನೋಡುವ ಅವಕಾಶವಿರುತ್ತದೆ. ಗ್ರಂಥಸಂಪಾದನೆಯ ಕ್ರಮವೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ.

ಗಣಕಯಂತ್ರದ ಮೆಮೊರಿಯಲ್ಲಿ ಈ ಭರವಸೆ ಇಲ್ಲ. ಅಲ್ಲಿ ಮೂಲ ಮತ್ತು ನಕಲುಗಳೆರಡೂ ವಿಳಾಸಗಳ ಒಂದೇ ಉದ್ದನೆಯ ಸಾಲಿನಲ್ಲಿ ಇರತಕ್ಕವು. ಎಷ್ಟೋ ವೇಳೆ ನಕಲು ಬಂದು ಕೂರಬೇಕಾದ ಸ್ಥಳದ ಒಂದು ಭಾಗವು ಮೂಲವೇ ಕುಳಿತಿರುವ ಸ್ಥಳವಾಗಿರುತ್ತದೆ. ಹೀಗೆ ಎರಡು ಪ್ರದೇಶಗಳು ಭಾಗಶಃ ಒಂದರೊಳಗೊಂದು ಸೇರಿಕೊಂಡಿರುವ ಸ್ಥಿತಿಯನ್ನು ಅತಿವ್ಯಾಪನ ಎಂದು ಕರೆಯಬಹುದು. ಇಂಥ ಸ್ಥಿತಿಯಲ್ಲಿ ನಕಲು ತೆಗೆಯುವ ಕ್ರಿಯೆಯೇ ಮೂಲವನ್ನು ಅಳಿಸಬಲ್ಲುದು. ಅಳಿಸಿದುದು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಆಪರೇಟಿಂಗ್ ಸಿಸ್ಟಂ ಎಂದು ರೂಢಿಯಲ್ಲಿರುವ ಕಾರ್ಯಾಚರಣ ವ್ಯವಸ್ಥೆಯು ಮಾಡುವ ಅತ್ಯಂತ ಸಾಮಾನ್ಯ ಕೆಲಸಗಳಲ್ಲಿ ಮೆಮೊರಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲು ಮಾಡುವುದೂ ಒಂದು. ಅತಿವ್ಯಾಪನವಿದ್ದಾಗಲೂ ಸರಿಯಾಗಿ ನಕಲು ಮಾಡುವ ಉಪಾಯವು ನಾಲ್ಕೈದು ಸಾಲುಗಳಲ್ಲಿ ಮುಗಿಯುವಂಥದು. ಹೀಗಿದ್ದೂ ೨೦೦೮ ಮತ್ತು ೨೦೧೦ರಷ್ಟು ಈಚೆಗೆ, ಅನುಭವಸ್ಥರು ಬರೆದ ವ್ಯವಸ್ಥೆಗಳೇ ಈ ವಿಷಯದಲ್ಲಿ ಎಡವಿದವು. ಉಪಾಯವು ತಿಳಿದಿದ್ದರೂ ದೋಷವು ಏಕೆ ಉಳಿಯಿತು ಎಂಬುದೇ ಇಲ್ಲಿನ ವಿಚಾರ. ಅತಿವ್ಯಾಪನವನ್ನು ಗಮನಿಸುವ ಹೊಣೆಯನ್ನು ಯಂತ್ರ, ಫಂಕ್ಷನ್ ಭಂಡಾರ ಮತ್ತು ಪ್ರೋಗ್ರಾಮರ್ ಎಂಬ ಮೂವರಲ್ಲಿ ಯಾರು ಹೊರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತವು. ದೋಷಗಳು ಹುಟ್ಟಿದುದು ಆ ಉತ್ತರಗಳ ನಡುವಣ ಬಿರುಕಿನಲ್ಲಿ.

೨. ಸಮಸ್ಯೆಯ ಸ್ವರೂಪ

ಮೆಮೊರಿಯ ಐದು ಕೋಶಗಳಲ್ಲಿ ಕ್ರಮವಾಗಿ ಕ, ಚ, ಟ, ತ, ಪ ಎಂಬ ಅಕ್ಷರಗಳಿವೆ ಎಂದು ಭಾವಿಸಬಹುದು. ಇವನ್ನು ಒಂದು ಕೋಶದಷ್ಟು ಬಲಕ್ಕೆ ಸರಿಸಬೇಕಾಗಿದೆ. ಎಡದಿಂದ ಆರಂಭಿಸಿ ಮೊದಲನೆಯ ಕೋಶದ ಕ-ಕಾರವನ್ನು ಎರಡನೆಯ ಕೋಶದಲ್ಲಿ ಬರೆದೊಡನೆ ಅಲ್ಲಿದ್ದ ಚ-ಕಾರವು ನಾಶವಾಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಎರಡನೆಯ ಕೋಶದಿಂದ ಓದಿದಾಗ ಸಿಗುವುದು ಚ ಅಲ್ಲ, ಕ. ಹೀಗೆ ಮುಂದುವರಿದರೆ ಕೊನೆಗೆ ಆರು ಕೋಶಗಳಲ್ಲಿಯೂ ಕ-ಕಾರವೇ ಉಳಿಯುತ್ತದೆ. ಅದೇ ಕೆಲಸವನ್ನು ಬಲತುದಿಯಿಂದ ಆರಂಭಿಸಿ, ಮೊದಲು ಪ-ಕಾರವನ್ನು ಆರನೆಯ ಕೋಶಕ್ಕೂ ಅನಂತರ ತ-ಕಾರವನ್ನು ಐದನೆಯ ಕೋಶಕ್ಕೂ ಸರಿಸುತ್ತ ಬಂದರೆ ಯಾವ ಅಕ್ಷರವೂ ಕಳೆದುಹೋಗುವುದಿಲ್ಲ. ಎಡಕ್ಕೆ ಸರಿಸಬೇಕಾದಾಗ ಇದರ ವಿಪರ್ಯಾಸ: ಅಲ್ಲಿ ಎಡದಿಂದ ಆರಂಭಿಸುವುದೇ ಕ್ಷೇಮ.

ಆದುದರಿಂದ ನಿಯಮವು ಸರಳವಾದುದು. ಗಮ್ಯದ ವಿಳಾಸವು ಮೂಲದ ವಿಳಾಸಕ್ಕಿಂತ ಕೆಳಗಿದ್ದರೆ ಮುಮ್ಮುಖವಾಗಿ ನಕಲು ಮಾಡಬೇಕು. ಮೇಲಿದ್ದರೆ ಹಿಮ್ಮುಖವಾಗಿ ಮಾಡಬೇಕು. ಮೂಲವನ್ನೆಲ್ಲ ಒಂದು ತಾತ್ಕಾಲಿಕ ಸ್ಥಳಕ್ಕೆ ಒಯ್ದು, ಅಲ್ಲಿಂದ ಗಮ್ಯಕ್ಕೆ ತರುವುದು ಮತ್ತೊಂದು ದಾರಿ. ಆದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ, ವಿಶೇಷವಾಗಿ ಯಂತ್ರವು ಆರಂಭವಾಗುತ್ತಿರುವಾಗ, ಅಂಥ ಹೆಚ್ಚುವರಿ ಸ್ಥಳವು ದೊರೆಯುತ್ತದೆಂಬ ಭರವಸೆಯಿರುವುದಿಲ್ಲ. ದಿಕ್ಕನ್ನು ಆರಿಸುವ ಕ್ರಮವೇ ಬಳಕೆಗೆ ಬಂದುದು ಈ ಕಾರಣದಿಂದ.

ಇಂಥ ಸರಿಸುವಿಕೆ ಅಪರೂಪದ್ದೇನಲ್ಲ. ವೈಯಕ್ತಿಕ ಗಣಕಗಳ ಹಳೆಯ ಅಕ್ಷರಪರದೆಯಲ್ಲಿ ೮೦ ಅಂಕಣಗಳ ೨೫ ಸಾಲುಗಳಿದ್ದು, ಪ್ರತಿ ಅಕ್ಷರಕ್ಕೆ ಎರಡು ಬೈಟುಗಳು ಸಲ್ಲುತ್ತಿದ್ದವು. ಪರದೆಯು ಒಂದು ಸಾಲು ಮೇಲಕ್ಕೆ ಸರಿಯಬೇಕಾದರೆ ೨೪ ಸಾಲುಗಳ ೩,೮೪೦ ಬೈಟುಗಳನ್ನು ೧೬೦ ಬೈಟುಗಳಷ್ಟು ಹಿಂದಕ್ಕೆ ತರಬೇಕು. ಇಲ್ಲಿ ಮೂಲ ಮತ್ತು ಗಮ್ಯಗಳು ಬಹುಪಾಲು ಒಂದೇ ಸ್ಥಳ. ಪಟ್ಟಿಯೊಂದರ ನಡುವೆ ಹೊಸ ನಮೂದನ್ನು ಸೇರಿಸುವಾಗ, ಬಳಸಿ ಮುಗಿದ ದತ್ತಾಂಶವನ್ನು ತೆಗೆದು ಉಳಿದುದನ್ನು ಮುಂದಕ್ಕೆ ಎಳೆದುಕೊಳ್ಳುವಾಗ ನಡೆಯುವುದೂ ಇದೇ.

ಈ ದೋಷದ ಒಂದು ಲಕ್ಷಣವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಯಾವ ಪರೀಕ್ಷೆಯೂ ಇಲ್ಲದೆ ಸದಾ ಮುಮ್ಮುಖವಾಗಿಯೇ ನಕಲು ಮಾಡುವ ಫಂಕ್ಷನ್ ಕೂಡ, ದತ್ತಾಂಶವನ್ನು ಕೆಳಗಿನ ವಿಳಾಸಕ್ಕೆ ಸರಿಸುವಾಗ ಸರಿಯಾದ ಫಲವನ್ನೇ ಕೊಡುತ್ತದೆ. ತಪ್ಪು ಫಂಕ್ಷನ್ನನ್ನು ಕರೆದ ಪ್ರೋಗ್ರಾಂ ಹೀಗಾಗಿ ವರ್ಷಗಟ್ಟಲೆ ಸರಿಯಾಗಿ ನಡೆಯಬಹುದು. ಮುಂದಿನ ಇತಿಹಾಸದಲ್ಲಿ ಈ ಅರೆಸುರಕ್ಷತೆಯ ಪಾತ್ರ ದೊಡ್ಡದು.

೩. ಯಂತ್ರಾದೇಶಗಳ ಕಾಲ

ಐಬಿಎಂ ಸಂಸ್ಥೆಯು ೧೯೬೪ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸಿಸ್ಟಂ/೩೬೦ ಗಣಕ ಶ್ರೇಣಿಯಲ್ಲಿ ಎಂವಿಸಿ ಎಂಬ ಯಂತ್ರಾದೇಶವಿತ್ತು. ಒಂದು ಸಲಕ್ಕೆ ೧ರಿಂದ ೨೫೬ ಬೈಟುಗಳವರೆಗೆ ನಕಲು ಮಾಡಬಲ್ಲ ಈ ಆದೇಶವು ಎಡದಿಂದ ಬಲಕ್ಕೆ, ಒಂದೊಂದೇ ಬೈಟನ್ನು ಸಾಗಿಸಿದಂತೆ ಫಲ ಕೊಡಬೇಕೆಂದು ಆ ಶ್ರೇಣಿಯ ವಿನ್ಯಾಸವು ವಿಧಿಸಿತ್ತು. ಅತಿವ್ಯಾಪನವಿದ್ದಾಗ ಏನಾಗುತ್ತದೆಂಬುದು ಹೀಗೆ ಸ್ಪಷ್ಟವಾಗಿದ್ದುದರಿಂದ ಪ್ರೋಗ್ರಾಮರುಗಳು ಅದನ್ನು ಉಪಯೋಗಕ್ಕೇ ತಂದುಕೊಂಡರು. ಒಂದು ಕ್ಷೇತ್ರದ ಮೊದಲ ಬೈಟಿನಲ್ಲಿ ಖಾಲಿ ಅಕ್ಷರವನ್ನು ಇಟ್ಟು, ಆ ಕ್ಷೇತ್ರವನ್ನು ಒಂದು ಬೈಟಿನಷ್ಟು ಮುಂದಕ್ಕೆ ಎಂವಿಸಿ ಆದೇಶದಿಂದ ಸರಿಸಿದರೆ ಕ್ಷೇತ್ರವೆಲ್ಲ ಖಾಲಿ ಅಕ್ಷರದಿಂದ ತುಂಬುತ್ತಿತ್ತು. ಮೇಲಿನ ಉದಾಹರಣೆಯಲ್ಲಿ ದೋಷವಾಗಿ ಕಂಡ ಕ-ಕಾರದ ಹರಡುವಿಕೆಯು ಇಲ್ಲಿ ಉದ್ದೇಶಪೂರ್ವಕವಾದ ಕೌಶಲ.

೧೯೭೦ರಲ್ಲಿ ಬಂದ ಸಿಸ್ಟಂ/೩೭೦ ಶ್ರೇಣಿಯು ದೊಡ್ಡ ಪ್ರಮಾಣದ ನಕಲಿಗಾಗಿ ಎಂವಿಸಿಎಲ್ ಎಂಬ ಹೊಸ ಆದೇಶವನ್ನು ಸೇರಿಸಿತು. ಇದರ ಧೋರಣೆಯೇ ಬೇರೆ. ನಕಲು ಮಾಡಿದರೆ ಮೂಲವು ಓದುವ ಮೊದಲೇ ಅಳಿದುಹೋಗುವಂಥ ವಿನಾಶಕಾರಿ ಅತಿವ್ಯಾಪನವನ್ನು ಯಂತ್ರವೇ ಮೊದಲಿಗೆ ಪರೀಕ್ಷಿಸುತ್ತಿತ್ತು. ಅದು ಕಂಡುಬಂದರೆ ಒಂದು ಬೈಟನ್ನೂ ಸರಿಸದೆ, ಸ್ಥಿತಿಸೂಚಕದಲ್ಲಿ ೩ ಎಂಬ ಸಂಖ್ಯೆಯನ್ನು ಇಟ್ಟು ಪ್ರೋಗ್ರಾಮಿಗೆ ತಿಳಿಸುತ್ತಿತ್ತು. ಒಂದೇ ಸಂಸ್ಥೆಯ ಯಂತ್ರಪರಂಪರೆಯಲ್ಲಿ ಆರು ವರ್ಷಗಳ ಅಂತರದಲ್ಲಿ ಎರಡು ಉತ್ತರಗಳು ಹೀಗೆ ಕಾಣಿಸಿಕೊಂಡವು: ಹೇಳಿದ ಕ್ರಮದಲ್ಲಿ ಮಾಡುವುದು ಒಂದು, ಅಪಾಯವಿದ್ದರೆ ನಿರಾಕರಿಸುವುದು ಇನ್ನೊಂದು.

ಚಿಕ್ಕ ಗಣಕಗಳ ಪರಂಪರೆಯು ಆಯ್ಕೆಯನ್ನು ಪ್ರೋಗ್ರಾಮರನಿಗೆ ಬಿಟ್ಟಿತು. ಝಿಲಾಗ್ ಸಂಸ್ಥೆಯ ಝಡ್-೮೦ ಪ್ರೊಸೆಸರ್ (೧೯೭೬) ಎರಡು ದಿಕ್ಕುಗಳಿಗೆ ಎಲ್‌ಡಿಐಆರ್ ಮತ್ತು ಎಲ್‌ಡಿಡಿಆರ್ ಎಂಬ ಎರಡು ಆದೇಶಗಳನ್ನು ಒದಗಿಸಿತು. ಇಂಟೆಲ್ ೮೦೮೬ (೧೯೭೮) ಒಂದೇ ಆದೇಶವನ್ನಿಟ್ಟುಕೊಂಡು, ಅದು ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ದಿಕ್ಕುಸೂಚಕವೆಂಬ ಒಂದು ಬಿಟ್‌ಗೆ ವಹಿಸಿತು. ಆ ಬಿಟ್ ಸೊನ್ನೆಯಾಗಿದ್ದರೆ ನಕಲು ಮುಮ್ಮುಖ, ಒಂದಾಗಿದ್ದರೆ ಹಿಮ್ಮುಖ. ಆದೇಶವನ್ನು ಓದಿದ ಮಾತ್ರಕ್ಕೆ ಅದು ಎತ್ತ ನಡೆಯುವುದೆಂದು ತಿಳಿಯದಂತಾದುದು ಈ ವಿನ್ಯಾಸದ ಫಲ. ಮೂವತ್ತು ವರ್ಷಗಳ ಅನಂತರ ಇದರ ಬೆಲೆಯನ್ನು ತೆರಬೇಕಾಯಿತು.

ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ೧೯೭೭ರಲ್ಲಿ ಹೊರತಂದ ವ್ಯಾಕ್ಸ್-೧೧/೭೮೦ ಯಂತ್ರವು ಇವೆಲ್ಲಕ್ಕಿಂತ ಉದಾರವಾದ ಮಾರ್ಗವನ್ನು ಹಿಡಿಯಿತು. ಅದರ ಮೂವ್‌ಸಿ೩ ಎಂಬ ಆದೇಶದ ಫಲಿತಾಂಶವು ಅತಿವ್ಯಾಪನದಿಂದ ಬದಲಾಗುತ್ತಿರಲಿಲ್ಲ. ಸರಿಯಾದ ದಿಕ್ಕನ್ನು ಯಂತ್ರವೇ ಆರಿಸಿಕೊಳ್ಳುತ್ತಿತ್ತು. ಆದರೆ ಉದ್ದವನ್ನು ಹೇಳಲು ೧೬ ಬಿಟ್‌ಗಳು ಮಾತ್ರ ಇದ್ದುದರಿಂದ ಒಂದು ಸಲಕ್ಕೆ ೬೫,೫೩೫ ಬೈಟುಗಳನ್ನು ಮೀರುವಂತಿರಲಿಲ್ಲ. ಅದಕ್ಕಿಂತ ದೊಡ್ಡ ನಕಲನ್ನು ತುಂಡುಗಳಾಗಿ ಮಾಡುವಾಗ ಯಾವ ತುಂಡು ಮೊದಲು ಎಂಬ ಪ್ರಶ್ನೆಯು ಮತ್ತೆ ತಂತ್ರಾಂಶದ ಪಾಲಿಗೇ ಬರುತ್ತಿತ್ತು.

೪. ಯುನಿಕ್ಸ್‌ನಲ್ಲಿ ಎರಡು ಪರಂಪರೆಗಳು

ಬೆಲ್ ಪ್ರಯೋಗಾಲಯದಿಂದ ೧೯೭೫ರಲ್ಲಿ ಹೊರಬಂದ ಯುನಿಕ್ಸ್ ಆರನೆಯ ಆವೃತ್ತಿಯ ಕರ್ನಲ್‌ನಲ್ಲಿ ಬಿಕಾಪಿ ಎಂಬ ಹೆಸರಿನ ಪುಟ್ಟ ಫಂಕ್ಷನ್ ಇತ್ತು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ಆ ಕರ್ನಲ್‌ಗೆ ಬರೆದ ಪ್ರಸಿದ್ಧ ವ್ಯಾಖ್ಯಾನದ ಮೂಲಕ ಇದು ಅನೇಕ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದಿತು. ಎರಡು ಸೂಚಿಗಳನ್ನು ಒಂದೊಂದೇ ಪದದಷ್ಟು ಮುಂದಕ್ಕೆ ಸರಿಸುತ್ತ ನಕಲು ಮಾಡುವ ಆವರ್ತನೆಯೇ ಅದರ ಸರ್ವಸ್ವ. ಅತಿವ್ಯಾಪನದ ಪರೀಕ್ಷೆ ಅದರಲ್ಲಿರಲಿಲ್ಲ. ಫಂಕ್ಷನ್ನನ್ನು ಕರೆಯುವವರೂ ಬರೆದವರೂ ಒಂದೇ ಚಿಕ್ಕ ಗುಂಪಿಗೆ ಸೇರಿದ್ದ ಆ ಕಾಲದಲ್ಲಿ ಹೊಣೆಯ ಹಂಚಿಕೆಯು ಪ್ರಶ್ನೆಯಾಗಿರಲಿಲ್ಲ.

೧೯೮೩ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಹೊರತಂದ ೪.೨ಬಿಎಸ್‌ಡಿ ಆವೃತ್ತಿಯಲ್ಲಿ ಬಿಕಾಪಿ ಎಂಬ ಹೆಸರು ಎಲ್ಲ ಪ್ರೋಗ್ರಾಮರುಗಳಿಗೂ ಲಭ್ಯವಾದ ಭಂಡಾರದ ಫಂಕ್ಷನ್ ಆಯಿತು. ಬರ್ಕ್ಲಿಯ ಮುಖ್ಯ ಯಂತ್ರವು ವ್ಯಾಕ್ಸ್ ಆಗಿತ್ತು. ಬಿಕಾಪಿಯ ಒಳಗಿದ್ದುದು ಮೂವ್‌ಸಿ೩ ಆದೇಶ. ಯಂತ್ರದ ಔದಾರ್ಯವು ಹೀಗೆ ಫಂಕ್ಷನ್ನಿನ ಗುಣವಾಗಿ ಪರಿಣಮಿಸಿತು. ಅತಿವ್ಯಾಪನಕ್ಕೆ ಹೆದರಬೇಕಾಗಿಲ್ಲವೆಂಬುದು ಮುಂದೆ ಬಿಎಸ್‌ಡಿ ಕೈಪಿಡಿಗಳಲ್ಲಿ ಲಿಖಿತ ವಾಗ್ದಾನವೂ ಆಯಿತು. ಅಂಥ ಆದೇಶವಿಲ್ಲದ ಯಂತ್ರಗಳಿಗೆ ಬಿಎಸ್‌ಡಿಯನ್ನು ಒಯ್ದವರು ದಿಕ್ಕಿನ ಪರೀಕ್ಷೆಯನ್ನು ಕೈಯಾರೆ ಬರೆಯಬೇಕಾಯಿತು.

ಅದೇ ಕಾಲದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ ಸಿಸ್ಟಂ ಫೈವ್ ಪರಂಪರೆಯು ಮೆಮ್‌ಕಾಪಿ ಎಂಬ ಮತ್ತೊಂದು ಹೆಸರನ್ನು ರೂಢಿಗೆ ತಂದಿತು. ಬಿಕಾಪಿಯಲ್ಲಿ ಮೂಲವನ್ನು ಮೊದಲು ಹೇಳಿ ಗಮ್ಯವನ್ನು ಅನಂತರ ಹೇಳಬೇಕು. ಮೆಮ್‌ಕಾಪಿಯಲ್ಲಿ ಗಮ್ಯ ಮೊದಲು, ಮೂಲ ಅನಂತರ. ಮೇಲ್ನೋಟಕ್ಕೆ ಕಾಣುವ ಈ ವ್ಯತ್ಯಾಸಕ್ಕಿಂತ ಆಳವಾದುದು ಮತ್ತೊಂದಿತ್ತು: ಮೆಮ್‌ಕಾಪಿಯು ಅತಿವ್ಯಾಪನದ ಬಗ್ಗೆ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಒಂದು ಪರಂಪರೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ಒಯ್ಯುವವರು ಹೆಸರನ್ನು ಬದಲಿಸಿ, ಅಂಶಗಳ ಕ್ರಮವನ್ನು ತಿದ್ದಿ, ಕೆಲಸ ಮುಗಿಯಿತೆಂದು ಭಾವಿಸುವ ಅಪಾಯವಿತ್ತು. ಅವರು ಹಿಂದೆ ಬಿಟ್ಟುಬರುತ್ತಿದ್ದುದು ಕಣ್ಣಿಗೆ ಕಾಣದ ಒಂದು ಭರವಸೆ.

೫. ಮಾನಕದ ತೀರ್ಮಾನ

ಸಿ ಭಾಷೆಗೆ ಅಧಿಕೃತ ಮಾನಕವನ್ನು ರಚಿಸಲು ಅಮೆರಿಕದಲ್ಲಿ ೧೯೮೩ರಲ್ಲಿ ನೇಮಕವಾದ ಎಕ್ಸ್೩ಜೆ೧೧ ಸಮಿತಿಯ ಮುಂದೆ ಈ ಗೊಂದಲವೂ ಬಂದಿತು. ಸಮಿತಿಯು ತನ್ನ ವಿವರಣೆಯಲ್ಲಿ ಎರಡು ವಾದಗಳನ್ನು ಎದುರುಬದುರಾಗಿ ಇರಿಸಿತು. ನಕಲು ಮಾಡುವ ಫಂಕ್ಷನ್ ಸರಿಯಾಗಿರಬೇಕು, ಅತಿವ್ಯಾಪನವಿದ್ದರೂ ಕೆಲಸ ಮಾಡಬೇಕು; ಇಲ್ಲವಾದರೆ ಅಂಥ ನಕಲನ್ನು ಸರಿಯಾಗಿ ಬರೆಯುವುದು ಹೆಚ್ಚು ಕಷ್ಟವಾಗುತ್ತದೆ ಎಂಬುದು ಮೊದಲನೆಯದು. ಅದು ಶೀಘ್ರವಾಗಿರಬೇಕು, ಕೆಲವೇ ಯಂತ್ರಾದೇಶಗಳಲ್ಲಿ ಮುಗಿಯಬೇಕು. ಅತಿವ್ಯಾಪನ ಅಸಾಧ್ಯವೆಂದು ಪ್ರೋಗ್ರಾಮರನಿಗೆ ಗೊತ್ತಿರುವ ಎಷ್ಟೋ ಸಂದರ್ಭಗಳಲ್ಲಿ ಪರೀಕ್ಷೆಯ ವೆಚ್ಚ ವ್ಯರ್ಥ ಎಂಬುದು ಎರಡನೆಯದು. ಇವು ಪರಸ್ಪರ ವಿರುದ್ಧವಾದರೂ ಎರಡರಲ್ಲಿಯೂ ಬಲವಿದೆಯೆಂದು ಒಪ್ಪಿದ ಸಮಿತಿಯು ಎರಡು ಫಂಕ್ಷನ್ನುಗಳನ್ನು ವಿಧಿಸಿತು.

೧೯೮೯ರ ಈ ಮಾನಕವು ೧೯೯೦ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಅದರ ಪ್ರಕಾರ ಮೆಮ್‌ಮೂವ್ ಎಂಬುದು, ಮೂಲವನ್ನು ಮೊದಲು ತಾತ್ಕಾಲಿಕ ಸ್ಥಳವೊಂದಕ್ಕೆ ಒಯ್ದು ಅಲ್ಲಿಂದ ಗಮ್ಯಕ್ಕೆ ತಂದಂತೆ ಫಲ ಕೊಡಬೇಕು. ಮೆಮ್‌ಕಾಪಿಗೆ ಅತಿವ್ಯಾಪಿ ಪ್ರದೇಶಗಳನ್ನು ಕೊಟ್ಟರೆ ಅದರ ವರ್ತನೆ ಅನಿರ್ದಿಷ್ಟ. ಅನಿರ್ದಿಷ್ಟವೆಂದರೆ ತಪ್ಪು ಫಲ ಬರುತ್ತದೆಂದಲ್ಲ. ಏನು ಬಂದರೂ ಮಾನಕವು ಅದಕ್ಕೆ ಹೊಣೆಯಲ್ಲವೆಂದರ್ಥ. ೧೯೯೯ರ ಪರಿಷ್ಕೃತ ಮಾನಕವು ಮೆಮ್‌ಕಾಪಿಯ ಘೋಷಣೆಗೆ ರೆಸ್ಟ್ರಿಕ್ಟ್ ಎಂಬ ಪದವನ್ನು ಸೇರಿಸಿ, ಎರಡು ಪ್ರದೇಶಗಳು ಬೇರೆ ಬೇರೆಯೆಂಬ ಕರಾರನ್ನು ಭಾಷೆಯ ವ್ಯಾಕರಣದಲ್ಲಿಯೇ ನಮೂದಿಸಿತು. ಬಿಕಾಪಿಯು ಪಾಸಿಕ್ಸ್ ಮಾನಕದ ೨೦೦೮ರ ಆವೃತ್ತಿಯಿಂದ ಹೊರಬಿದ್ದಿತು.

ಕಾಗದದ ಮೇಲೆ ಇದು ನ್ಯಾಯವಾದ ತೀರ್ಮಾನವೇ. ಆದರೆ ಎರಡು ಹೆಸರುಗಳಲ್ಲಿ ಯಾವುದು ಅಪಾಯಕಾರಿ ಎಂಬುದನ್ನು ಹೆಸರುಗಳು ಹೇಳುತ್ತಿರಲಿಲ್ಲ. ನಕಲು ಎಂಬ ಅರ್ಥವಿರುವ ಮೆಮ್‌ಕಾಪಿಯೇ ಎಲ್ಲರ ಕೈಗೆ ಮೊದಲು ಸಿಗುವ ಹೆಸರಾಯಿತು. ಬೆಲ್ ಪ್ರಯೋಗಾಲಯದಲ್ಲಿಯೇ ಮುಂದೆ ರೂಪುಗೊಂಡ ಪ್ಲಾನ್ ೯ ವ್ಯವಸ್ಥೆಯು ಈ ಭೇದವನ್ನು ಆಚರಣೆಯಲ್ಲಿ ಕೈಬಿಟ್ಟಿತು. ಅಲ್ಲಿ ಎರಡೂ ಫಂಕ್ಷನ್ನುಗಳು ಅತಿವ್ಯಾಪನವನ್ನು ಸಮಾನವಾಗಿ ನಿಭಾಯಿಸುತ್ತವೆಂದು ಕೈಪಿಡಿಯೇ ಹೇಳಿತು. ಉಳಿದ ವ್ಯವಸ್ಥೆಗಳು ವೇಗದ ಪಕ್ಷವನ್ನು ಬಿಡಲಿಲ್ಲ.

೬. ಎರಡು ಪ್ರಸಂಗಗಳು

ಮಾನಕದ ಮಾತು ಮತ್ತು ನಡೆಯುತ್ತಿದ್ದ ಆಚರಣೆಗಳ ನಡುವಣ ಅಂತರವು ಎರಡು ಪ್ರಸಂಗಗಳಲ್ಲಿ ಬಯಲಿಗೆ ಬಂದಿತು.

ಮೊದಲನೆಯದು ೨೦೦೮ರದು. ಇಂಟೆಲ್ ಪರಂಪರೆಯ ಪ್ರೊಸೆಸರುಗಳಲ್ಲಿ, ಫಂಕ್ಷನ್ನೊಂದನ್ನು ಪ್ರವೇಶಿಸುವಾಗ ದಿಕ್ಕುಸೂಚಕ ಬಿಟ್ ಸೊನ್ನೆಯಾಗಿರಬೇಕೆಂಬುದು ಕರೆಯ ಕರಾರು. ಹಾಗಿದ್ದರೂ ಜಿಸಿಸಿ ಕಂಪೈಲರ್ ಮುನ್ನೆಚ್ಚರಿಕೆಯಾಗಿ, ನಕಲಿನ ಆದೇಶಗಳಿಗೆ ಮೊದಲು ಆ ಬಿಟ್ಟನ್ನು ಸೊನ್ನೆಗೊಳಿಸುವ ಆದೇಶವೊಂದನ್ನು ಸೇರಿಸುತ್ತಿತ್ತು. ೨೦೦೮ರ ಮಾರ್ಚ್‌ನಲ್ಲಿ ಬಿಡುಗಡೆಯಾದ ೪.೩ನೆಯ ಆವೃತ್ತಿಯು, ಕರಾರೇ ಇರುವಾಗ ಈ ಆದೇಶ ಅನಾವಶ್ಯಕವೆಂದು ಅದನ್ನು ಕೈಬಿಟ್ಟಿತು. ಆಗ ಲಿನಕ್ಸ್ ಕರ್ನಲ್‌ನಲ್ಲಿ ಬಹುಕಾಲದಿಂದ ಅಡಗಿದ್ದ ಲೋಪವೊಂದು ಹೊರಬಿದ್ದಿತು. ಪ್ರೋಗ್ರಾಮೊಂದು ಮೆಮ್‌ಮೂವ್‌ನ ಮೂಲಕ ಹಿಮ್ಮುಖವಾಗಿ ನಕಲು ಮಾಡುತ್ತಿರುವಾಗ, ಅಂದರೆ ದಿಕ್ಕುಸೂಚಕವು ಒಂದಾಗಿರುವಾಗ, ಅದಕ್ಕೆ ಸಿಗ್ನಲ್ ಬಂದರೆ ಕರ್ನಲ್ ಆ ಬಿಟ್ಟನ್ನು ಸೊನ್ನೆಗೊಳಿಸದೆಯೇ ಸಿಗ್ನಲ್ ನಿರ್ವಾಹಕ ಫಂಕ್ಷನ್ನನ್ನು ಆರಂಭಿಸುತ್ತಿತ್ತು. ಆ ನಿರ್ವಾಹಕದೊಳಗಿನ ಸಾಮಾನ್ಯ ನಕಲು ಕೂಡ ಹಿಮ್ಮುಖವಾಗಿ ನಡೆದು, ತನಗೆ ಸೇರದ ಮೆಮೊರಿಯನ್ನು ಕೆಡಿಸುವ ಸಾಧ್ಯತೆಯಿತ್ತು.

ಅತಿವ್ಯಾಪನವನ್ನು ಸರಿಯಾಗಿ ನಿಭಾಯಿಸುತ್ತಿದ್ದ ಫಂಕ್ಷನ್ನಿನ ಸುರಕ್ಷತೆಯೇ ಇಲ್ಲಿ, ಅತಿವ್ಯಾಪನದ ಸಂಬಂಧವೇ ಇಲ್ಲದ ಇನ್ನೊಂದು ಫಂಕ್ಷನ್ನಿಗೆ ಅಪಾಯವಾಯಿತು. ಕರಾರನ್ನು ಮುರಿದುದು ಕರ್ನಲ್. ಅದನ್ನು ಇಷ್ಟು ಕಾಲ ಮರೆಮಾಚಿದುದು ಕಂಪೈಲರಿನ ಮುನ್ನೆಚ್ಚರಿಕೆ. ಸಿಗ್ನಲ್ ನಿರ್ವಾಹಕವನ್ನು ಪ್ರವೇಶಿಸುವ ಮೊದಲು ಬಿಟ್ಟನ್ನು ಸೊನ್ನೆಗೊಳಿಸುವಂತೆ ಕರ್ನಲನ್ನು ಅದೇ ವರ್ಷ ತಿದ್ದಲಾಯಿತು. ಆದರೆ ಹಳೆಯ ಕರ್ನಲ್‌ಗಳು ಅಸಂಖ್ಯ ಯಂತ್ರಗಳಲ್ಲಿ ನಡೆಯುತ್ತಿದ್ದವು. ಆದುದರಿಂದ ಜಿಸಿಸಿ ೪.೩.೧ರಲ್ಲಿ, ಹಳೆಯ ಮುನ್ನೆಚ್ಚರಿಕೆಯನ್ನು ಬೇಕಾದವರು ಮರಳಿ ಪಡೆಯುವ ಆಯ್ಕೆಯನ್ನು ಒದಗಿಸಲಾಯಿತು.

ಎರಡನೆಯ ಪ್ರಸಂಗ ೨೦೧೦ರದು. ಲಿನಕ್ಸ್ ವ್ಯವಸ್ಥೆಗಳ ಮುಖ್ಯ ಫಂಕ್ಷನ್ ಭಂಡಾರವಾದ ಜಿಲಿಬ್‌ಸಿಗೆ ಆ ವರ್ಷ ೬೪ ಬಿಟ್ ಪ್ರೊಸೆಸರುಗಳಿಗೆಂದು ಮೆಮ್‌ಕಾಪಿಯ ಹೊಸ ರೂಪಗಳು ಸೇರಿದವು. ಕೆಲವು ಪ್ರೊಸೆಸರುಗಳಲ್ಲಿ ಹಿಮ್ಮುಖ ನಕಲೇ ಶೀಘ್ರವೆಂದು ಕಂಡುಬಂದುದರಿಂದ ಒಂದು ರೂಪವು ಹಾಗೆಯೇ ನಡೆಯುತ್ತಿತ್ತು. ಮಾನಕದ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ವರ್ಷದ ನವೆಂಬರ್‌ನಲ್ಲಿ ಬಂದ ಫೆಡೋರಾ ೧೪ ವಿತರಣೆಯನ್ನು ಬಳಸಿದವರಿಗೆ, ಬಿಡುಗಡೆಗೆ ಮುಂಚಿನ ಪರೀಕ್ಷೆಯ ಕಾಲದಿಂದಲೇ, ಅಡೋಬಿ ಫ್ಲ್ಯಾಶ್‌ನ ೬೪ ಬಿಟ್ ರೂಪದಲ್ಲಿ ಧ್ವನಿಯು ಒಡೆದು ಕರ್ಕಶವಾಗಿ ಕೇಳತೊಡಗಿತು. ಆ ತಂತ್ರಾಂಶವು ಅತಿವ್ಯಾಪಿ ದತ್ತಾಂಶವನ್ನು ಕೆಳಗಿನ ವಿಳಾಸಕ್ಕೆ ಸರಿಸಲು ಮೆಮ್‌ಮೂವ್‌ನ ಬದಲು ಮೆಮ್‌ಕಾಪಿಯನ್ನು ಬಳಸಿತ್ತು. ನಕಲು ಮುಮ್ಮುಖವಾಗಿದ್ದಷ್ಟು ಕಾಲ ತಪ್ಪು ತೋರಲಿಲ್ಲ; ದಿಕ್ಕು ಬದಲಾದೊಡನೆ ಕಿವಿಗೆ ಬಿದ್ದಿತು.

ಇದರ ಬಗ್ಗೆ ನಡೆದ ಚರ್ಚೆಯಲ್ಲಿ ಎರಡು ಪಕ್ಷಗಳಾದವು. ಪ್ರೋಗ್ರಾಂ ಮಾನಕವನ್ನು ಮೀರಿದೆ, ತಿದ್ದಿಕೊಳ್ಳಬೇಕಾದುದು ಅದೇ ಎಂಬುದು ಒಂದು ಪಕ್ಷ. ನಡೆಯುತ್ತಿದ್ದುದು ನಿಂತಿದೆ, ತೊಂದರೆಗೆ ಒಳಗಾದವನು ಮಾನಕವನ್ನು ಓದಿಯೇ ಇರದ ಬಳಕೆದಾರ. ಅವನಿಗೆ ಈ ಸಮಜಾಯಿಷಿಯಿಂದ ಪ್ರಯೋಜನವಿಲ್ಲ ಎಂಬುದು ಇನ್ನೊಂದು. ಲಿನಕ್ಸ್ ಕರ್ನಲ್‌ನ ಜನಕರಾದ ಲೈನಸ್ ಟೋರ್ವಾಲ್ಡ್ಸ್ ಅವರು ಎರಡನೆಯ ಪಕ್ಷವನ್ನು ಬಲವಾಗಿ ಮಂಡಿಸಿ, ತಾತ್ಕಾಲಿಕ ಪರಿಹಾರವೊಂದನ್ನೂ ಬರೆದರು. ೨೦೧೧ರ ಜಿಲಿಬ್‌ಸಿ ೨.೧೪ರಲ್ಲಿ ಬಂದ ಪರಿಹಾರವು ಒಂದು ಬಗೆಯ ರಾಜಿಯಾಗಿತ್ತು. ಹಿಂದೆ ಸಿದ್ಧವಾದ ಪ್ರೋಗ್ರಾಮುಗಳು ಮೆಮ್‌ಕಾಪಿಯನ್ನು ಕರೆದರೆ ಅವಕ್ಕೆ ವಾಸ್ತವವಾಗಿ ಮೆಮ್‌ಮೂವ್ ದೊರೆಯುವಂತೆಯೂ, ಹೊಸದಾಗಿ ಸಿದ್ಧಪಡಿಸಿದವುಗಳಿಗೆ ಮಾತ್ರ ಹೊಸ ಮೆಮ್‌ಕಾಪಿ ದೊರೆಯುವಂತೆಯೂ ಹೆಸರಿನ ಎರಡು ಆವೃತ್ತಿಗಳನ್ನು ಇಡಲಾಯಿತು. ಎಂದೂ ಕೊಡದಿದ್ದ ವಾಗ್ದಾನವನ್ನು ಹಳೆಯ ಬಳಕೆಗಾಗಿ ನೆರವೇರಿಸಬೇಕಾಗಿ ಬಂದ ಪ್ರಸಂಗವಿದು.

ಈ ಬಗೆಯ ತಪ್ಪನ್ನು ಪತ್ತೆಹಚ್ಚುವ ಸಾಧನಗಳು ಆಗ ಇರಲಿಲ್ಲವೆಂದಲ್ಲ. ೨೦೦೨ರಲ್ಲಿ ಮೊದಲು ಬಿಡುಗಡೆಯಾದ ವ್ಯಾಲ್‌ಗ್ರಿಂಡ್ ಎಂಬ ಪರೀಕ್ಷಾಸಾಧನವು, ಮೆಮ್‌ಕಾಪಿಗೆ ಅತಿವ್ಯಾಪಿ ಪ್ರದೇಶಗಳನ್ನು ಕೊಟ್ಟರೆ ಎಚ್ಚರಿಸಬಲ್ಲುದಾಗಿತ್ತು. ಆದರೆ ಫಲವು ಸರಿಯಾಗಿ ಕಾಣುತ್ತಿರುವಾಗ ಪರೀಕ್ಷೆಗೆ ಒಳಪಡಿಸಬೇಕೆಂಬ ಪ್ರೇರಣೆ ಹುಟ್ಟುವುದು ಅಪರೂಪ.

೭. ಕರ್ನಲ್‌ನ ಒಳಗಿನ ವಿಶೇಷ ಸ್ಥಿತಿ

ಸಾಮಾನ್ಯ ಪ್ರೋಗ್ರಾಮಿಗೆ ಭಂಡಾರದ ಆಸರೆಯಿದೆ. ಕರ್ನಲ್‌ಗೆ ಅದಿಲ್ಲ, ತನ್ನ ಮೆಮ್‌ಕಾಪಿ ಮತ್ತು ಮೆಮ್‌ಮೂವ್‌ಗಳನ್ನು ಅದು ತಾನೇ ಹೊತ್ತು ತರಬೇಕು. ಭಂಡಾರವಿಲ್ಲದ ಪರಿಸರದಲ್ಲಿಯೂ ಈ ಫಂಕ್ಷನ್ನುಗಳು ಇರಲೇಬೇಕೆಂದು ಜಿಸಿಸಿ ಅಪೇಕ್ಷಿಸುತ್ತದೆ. ಪ್ರೋಗ್ರಾಮಿನಲ್ಲಿ ಎಲ್ಲಿಯೂ ಹೆಸರಿಸದಿದ್ದರೂ, ದೊಡ್ಡ ದತ್ತರಚನೆಯೊಂದನ್ನು ಇನ್ನೊಂದಕ್ಕೆ ಆರೋಪಿಸುವಂಥ ಕಡೆಗಳಲ್ಲಿ ಕಂಪೈಲರ್ ತಾನಾಗಿಯೇ ಅವನ್ನು ಕರೆಯಬಹುದು.

ಯಂತ್ರವು ಆರಂಭವಾಗುವ ಕ್ಷಣಗಳಲ್ಲಿ ಅತಿವ್ಯಾಪನವು ಆಕಸ್ಮಿಕವಾಗಿರದೆ ವಿನ್ಯಾಸದ ಭಾಗವೇ ಆಗಿರುತ್ತದೆ. ಲಿನಕ್ಸ್ ಕರ್ನಲ್ ಸಂಕುಚಿತ ರೂಪದಲ್ಲಿ ಮೆಮೊರಿಗೆ ಬಂದು, ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ. ಎಕ್ಸ್೮೬ ಯಂತ್ರಗಳಲ್ಲಿ ಆ ಸಂಕುಚಿತ ಭಾಗವನ್ನು ಮೊದಲು ನಿಗದಿತ ಪ್ರದೇಶದ ಕೊನೆಗೆ ಸರಿಸಲಾಗುತ್ತದೆ. ಇದ್ದ ಸ್ಥಳವೂ ಹೋಗುವ ಸ್ಥಳವೂ ಒಂದರೊಳಗೊಂದು ಸೇರಿರಬಹುದಾದುದರ ಕಾರಣ, ದಿಕ್ಕುಸೂಚಕವನ್ನು ಒಂದಾಗಿಸಿ ಹಿಮ್ಮುಖವಾಗಿ ನಕಲು ಮಾಡಿ, ಮುಗಿದೊಡನೆ ಅದನ್ನು ಸೊನ್ನೆಗೆ ತರುವ ಕ್ರಮವನ್ನು ಅಲ್ಲಿ ಅನುಸರಿಸಲಾಗಿದೆ. ಅನಂತರ ಬಿಡಿಸಿದ ಕರ್ನಲ್ ಅದೇ ಪ್ರದೇಶದ ಆರಂಭದಿಂದ ಬೆಳೆಯುತ್ತ ಬರುತ್ತದೆ. ಇನ್ನೂ ಓದದ ಸಂಕುಚಿತ ಭಾಗವನ್ನು ಅದು ತುಳಿಯದಂತೆ ಸುರಕ್ಷಿತ ಅಂತರವನ್ನು ಮೊದಲೇ ಲೆಕ್ಕ ಹಾಕಿರಲಾಗುತ್ತದೆ.

೨೦೧೬ರಲ್ಲಿ ಈ ಆರಂಭಿಕ ಭಾಗದ ಮೆಮ್‌ಕಾಪಿಗೆ ಒಂದು ಕಾವಲನ್ನು ಸೇರಿಸಲಾಯಿತು. ಅಪಾಯಕಾರಿ ಅತಿವ್ಯಾಪನ ಕಂಡರೆ ಅದು ಎಚ್ಚರಿಕೆಯ ಸಾಲೊಂದನ್ನು ಪರದೆಗೆ ಬರೆದು, ತಾನಾಗಿಯೇ ಮೆಮ್‌ಮೂವ್‌ನ ಮೊರೆಹೋಗುತ್ತದೆ. ಈ ಪರೀಕ್ಷೆಯಲ್ಲಿ ನೋಡುವುದು ಎರಡೇ ಸಂಗತಿಗಳನ್ನು: ಗಮ್ಯವು ಮೂಲಕ್ಕಿಂತ ಮೇಲಿದೆಯೇ, ಅವುಗಳ ಅಂತರವು ನಕಲಿನ ಉದ್ದಕ್ಕಿಂತ ಕಡಿಮೆಯೇ. ಸಿಸ್ಟಂ/೩೭೦ ಯಂತ್ರವು ೧೯೭೦ರಲ್ಲಿ ನಿರಾಕರಿಸುತ್ತಿದ್ದುದನ್ನು ಇದು ಎಚ್ಚರಿಸಿ ಸರಿಪಡಿಸುತ್ತದೆ.

ಎಲ್ಲ ಕಡೆಯೂ ಮೆಮ್‌ಮೂವನ್ನೇ ಬಳಸಿದರೆ ಸಮಸ್ಯೆ ತೀರುತ್ತದೆಂಬ ಸುಲಭದ ಉತ್ತರವೂ ಪೂರ್ತಿ ನಿಲ್ಲುವುದಿಲ್ಲ. ಇದಕ್ಕೆ ಎರಡು ಕಾರಣಗಳು. ಲೆಂಪೆಲ್ ಮತ್ತು ಝಿವ್ ೧೯೭೭ರಲ್ಲಿ ಪ್ರಕಟಿಸಿದ ಸಂಕೋಚನ ವಿಧಾನದಲ್ಲಿ, ಈಗಾಗಲೇ ಬರೆದ ಪಠ್ಯದಿಂದ ಇಷ್ಟು ದೂರ ಹಿಂದೆ ಹೋಗಿ ಇಷ್ಟು ಅಕ್ಷರಗಳನ್ನು ನಕಲು ಮಾಡು ಎಂಬ ಬಗೆಯ ಸೂಚನೆಗಳಿರುತ್ತವೆ. ಉದ್ದವು ದೂರಕ್ಕಿಂತ ಹೆಚ್ಚಾಗಿರಬಹುದು. ಆಗ ಹಿಂದಿನ ಚೂರು ಮರಳಿ ಮರಳಿ ಹರಡಬೇಕೆಂಬುದೇ ಉದ್ದೇಶ. ಎಂವಿಸಿ ಆದೇಶದ ಹಳೆಯ ಕೌಶಲವೇ ಇಲ್ಲಿ ಬೇರೆ ವೇಷದಲ್ಲಿದೆ. ಇಂಥ ಕಡೆ ಮೆಮ್‌ಮೂವ್ ಬಳಸಿದರೆ ಫಲ ತಪ್ಪುತ್ತದೆ. ಒಂದೊಂದೇ ಬೈಟಿನ ಮುಮ್ಮುಖ ನಕಲೇ, ಅಥವಾ ಅದಕ್ಕೆ ಸಮನಾದ ಕ್ರಮವೇ ಆಗಬೇಕು.

ಎರಡನೆಯ ಕಾರಣವು ವಾಸ್ತವ ಮೆಮೊರಿ ಮತ್ತು ಕಲ್ಪಿತ ವಿಳಾಸಗಳ ಭೇದದಿಂದ ಬಂದುದು. ಕರ್ನಲ್ ಒಂದೇ ಭೌತಿಕ ಪುಟವನ್ನು ಎರಡು ಬೇರೆ ಬೇರೆ ಕಲ್ಪಿತ ವಿಳಾಸಗಳಲ್ಲಿ ಕಾಣುವಂತೆ ಮಾಡಬಲ್ಲುದು. ಮೆಮ್‌ಮೂವ್ ಹೋಲಿಸುವುದು ವಿಳಾಸಗಳನ್ನು ಮಾತ್ರ. ವಿಳಾಸಗಳು ದೂರವಿದ್ದು ಪುಟವು ಒಂದೇ ಆಗಿದ್ದರೆ ಅತಿವ್ಯಾಪನವು ಅದರ ಕಣ್ಣಿಗೆ ಬೀಳುವುದಿಲ್ಲ. ಅಂಥ ಸಂದರ್ಭದಲ್ಲಿ ಹೊಣೆಯು ಯಾವ ಫಂಕ್ಷನ್ನಿಗೂ ದಾಟದೆ, ಆ ಎರಡು ವಿಳಾಸಗಳನ್ನು ಕಲ್ಪಿಸಿದವನಲ್ಲಿಯೇ ಉಳಿಯುತ್ತದೆ.

೮. ಉಪಸಂಹಾರ

ಈಚಿನ ವರ್ಷಗಳಲ್ಲಿ ಹೊಣೆಯು ಎರಡು ಕಡೆಗೆ ಸರಿಯುತ್ತಿದೆ. ಒಂದು, ಮರಳಿ ಯಂತ್ರದ ಕಡೆಗೆ. ಆರ್ಮ್ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಆರ್ಮ್‌ವಿ೮.೮ ವಿನ್ಯಾಸದಲ್ಲಿ ಮೆಮೊರಿಯ ನಕಲಿಗೆಂದೇ ಆದೇಶಗಳಿವೆ. ಅವುಗಳಲ್ಲಿ ಮುಮ್ಮುಖವಾಗಿ ಮಾತ್ರ ನಡೆಯುವ ಒಂದು ಗುಂಪು, ಅತಿವ್ಯಾಪನಕ್ಕೆ ತಕ್ಕ ದಿಕ್ಕನ್ನು ತಾನೇ ಆರಿಸಿಕೊಳ್ಳುವ ಇನ್ನೊಂದು ಗುಂಪು. ವ್ಯಾಕ್ಸ್ ಯಂತ್ರದ ಔದಾರ್ಯವು ನಾಲ್ಕು ದಶಕಗಳ ಅನಂತರ ಮರಳಿ ಬಂದಂತಾಯಿತು. ಇನ್ನೊಂದು, ಭಾಷೆಯ ಕಡೆಗೆ. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯಲ್ಲಿ, ಬರೆಯಲು ಎರವಲು ಪಡೆದ ಪ್ರದೇಶವನ್ನು ಅದೇ ಕಾಲದಲ್ಲಿ ಬೇರೊಬ್ಬರು ಓದಲು ಎರವಲು ಪಡೆಯುವಂತಿಲ್ಲ. ಆದುದರಿಂದ ಸಾಮಾನ್ಯ ನಕಲಿನಲ್ಲಿ ಅತಿವ್ಯಾಪನವನ್ನು ಕಂಪೈಲರೇ ತಡೆಯುತ್ತದೆ. ಈ ರಕ್ಷಣೆಯನ್ನು ಬದಿಗಿಟ್ಟು ಕೆಳಹಂತದಲ್ಲಿ ಬರೆಯುವವರಿಗೆ ಎರಡು ಫಂಕ್ಷನ್ನುಗಳಿದ್ದು, ಅತಿವ್ಯಾಪನವನ್ನು ತಾಳುವುದಕ್ಕೆ ಕಾಪಿ ಎಂಬ ಚಿಕ್ಕ ಹೆಸರು, ತಾಳದುದಕ್ಕೆ ಕಾಪಿ ನಾನ್‌ಓವರ್‌ಲ್ಯಾಪಿಂಗ್ ಎಂಬ ಉದ್ದನೆಯ ಹೆಸರು ಸಂದಿವೆ. ೧೯೮೯ರ ಮಾನಕದ ಹೆಸರುಗಳು ಹೇಳದೆ ಬಿಟ್ಟ ಎಚ್ಚರಿಕೆಯನ್ನು ಈ ಹೆಸರೇ ಹೇಳುತ್ತದೆ. ೨೦೨೨ರ ಡಿಸೆಂಬರ್‌ನಲ್ಲಿ ಬಂದ ೬.೧ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಕೂಡ ಈ ಭಾಷೆಗೆ ಎಡೆ ಕೊಟ್ಟಿದೆ.

ಆರು ದಶಕಗಳ ಈ ಇತಿಹಾಸದಲ್ಲಿ ಸುರಕ್ಷಿತ ನಕಲಿನ ಉಪಾಯವು ಬದಲಾಗಲಿಲ್ಲ. ಬದಲಾದುದು, ಅದನ್ನು ಯಾರು ನೆನಪಿಡಬೇಕೆಂಬ ತೀರ್ಮಾನ. ಯಂತ್ರವು ನೆನಪಿಟ್ಟಾಗ ಅದು ಆ ಯಂತ್ರದೊಂದಿಗೇ ಮರೆಯಾಯಿತು. ಮಾನಕವು ನೆನಪಿಟ್ಟಾಗ ಮಾನಕವನ್ನು ಓದಿದವರಿಗೆ ಮಾತ್ರ ತಿಳಿಯಿತು. ಪ್ರೋಗ್ರಾಮರನಿಗೆ ಬಿಟ್ಟಾಗ ಫಲವು ಸರಿಯಾಗಿ ಕಾಣುತ್ತಿದ್ದಷ್ಟು ಕಾಲ ಅದು ಯಾರಿಗೂ ನೆನಪಾಗಲಿಲ್ಲ. ಓಲೆಗರಿಯ ಲಿಪಿಕಾರನು ತಪ್ಪಿದಾಗ ಅದನ್ನು ತಿದ್ದಲು ಮೂಲವು ಎದುರಿಗಿರುತ್ತಿತ್ತು. ಮೆಮೊರಿಯ ಒಳಗೆ ಮೂಲವು ನಕಲಿನ ಕೆಳಗೇ ಅಳಿದುಹೋಗುವುದರಿಂದ, ಅಲ್ಲಿ ಎಚ್ಚರಿಕೆಯು ಬರೆಯುವ ಮೊದಲೇ ಬರಬೇಕು.